ಹಳೆಯ ರಿಯಲ್‌ಮೀಡಿಯಾ ಫೈಲುಗಳನ್ನು ತೆರೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ, ಪುಣೆ, ಗೋವಾದ ಕನ್ನಡಿಗರ ಮನೆಯ ಕಪಾಟಿನಲ್ಲಿ, ಸಂಘದ ಆಫೀಸಿನ ಡ್ರಾಯರಿನಲ್ಲಿ ರಿಯಲ್‌ಮೀಡಿಯಾ ಫೈಲುಗಳಿರುವ ಹಳೆಯ ಸಿಡಿಗಳು ಇನ್ನೂ ಸಿಗುತ್ತವೆ. ವಾರ್ಷಿಕೋತ್ಸವದ ನಾಟಕ, ತಾಳಮದ್ದಳೆ, ಊರಿನ ಬ್ರಹ್ಮಕಲಶ, ಯಾರದ್ದೋ ಮದುವೆ. ಸಿಡಿ ಹಾಕಿದರೆ ಫೈಲು ಕಾಣುತ್ತದೆ, ತೆರೆಯುವುದಿಲ್ಲ. ಫೋನಿನಲ್ಲಿ, ಪತ್ರದಲ್ಲಿ, ಕಾರ್ಯಕ್ರಮ ಮುಗಿದ ಮೇಲೆ ಊಟದ ಸಾಲಿನಲ್ಲಿ ಜನ ಮತ್ತೆ ಮತ್ತೆ ಕೇಳಿದ್ದನ್ನು ಅವರವರ ಮಾತಿನಲ್ಲೇ ಇಟ್ಟಿದ್ದೇವೆ. ಫೈಲಿನ ಹೆಸರು, ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದೆ. ಕಂಪ್ಯೂಟರಿನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.

## ಮೊದಲು ಇಷ್ಟು

"ಈ ಆರ್‌ಎಂ ಅಂದ್ರೆ ಏನು? ಯಾಕೆ ಈಗ ಎಲ್ಲೂ ಕಾಣೋದಿಲ್ಲ?"

ಆರ್‌ಎಂ ಎಂದರೆ ರಿಯಲ್‌ಮೀಡಿಯಾ, ಧ್ವನಿ, ಚಿತ್ರ ಇಡುವ ಒಂದು ಹಳೆಯ ಬಗೆಯ ಫೈಲು. ಸಿಯಾಟಲ್‌ನ ಪ್ರೊಗ್ರೆಸಿವ್ ನೆಟ್‌ವರ್ಕ್ಸ್ ಕಂಪನಿ 1995ರ ಏಪ್ರಿಲ್‌ನಲ್ಲಿ ರಿಯಲ್‌ಆಡಿಯೊ ಬಿಡುಗಡೆ ಮಾಡಿತು. ಪೂರ್ತಿ ಡೌನ್‌ಲೋಡ್ ಆಗುವ ತನಕ ಕಾಯದೆ, ಬರುತ್ತಾ ಇರುವ ಹಾಗೆಯೇ ಕೇಳುವ ವ್ಯವಸ್ಥೆ ಅದು. 1997ರಲ್ಲಿ ರಿಯಲ್‌ವಿಡಿಯೊ ಬಂತು, ಅದೇ ವರ್ಷ ಕಂಪನಿಯ ಹೆಸರೂ ರಿಯಲ್‌ನೆಟ್‌ವರ್ಕ್ಸ್ ಎಂದಾಯಿತು. ನಮ್ಮಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಆಮೇಲಿನ ಹತ್ತು ವರ್ಷ ಮೋಡೆಮ್ಮಿನ ಕೀರಲು ಸದ್ದಿನ ಕಾಲ. ಆ ವೇಗಕ್ಕೆ ಹೊಂದುವಂತೆ ಧ್ವನಿ, ಚಿತ್ರ ಎರಡನ್ನೂ ಹಿಂಡಿ ಸಣ್ಣದು ಮಾಡುವುದರಲ್ಲಿ ಈ ಫಾರ್ಮ್ಯಾಟ್ ಮುಂದಿತ್ತು. ಬ್ರಾಡ್‌ಬ್ಯಾಂಡ್ ಬಂದು ಫ್ಲ್ಯಾಶ್ ವಿಡಿಯೊ, ಆಮೇಲೆ ಎಂಪಿ4 ಹರಡಿದಂತೆ ಅದರ ಅಗತ್ಯ ತಪ್ಪಿತು.

"ಡಬಲ್ ಕ್ಲಿಕ್ ಮಾಡಿದ್ರೆ ಯಾವುದರಲ್ಲಿ ತೆರೀಬೇಕು ಅಂತ ಕೇಳ್ತದೆ. ರಿಯಲ್‌ಪ್ಲೇಯರೇ ಹಾಕ್ಬೇಕಾ?"

ಬೇಡ. ವಿಎಲ್‌ಸಿ ಎಂಬ ಉಚಿತ ಪ್ಲೇಯರ್ ಹಾಕಿಕೊಳ್ಳಿ, ಅದರದ್ದೇ ಅಧಿಕೃತ ತಾಣದಿಂದ. ಹತ್ತರಲ್ಲಿ ಒಂಬತ್ತು ಮಂದಿಯ ಕೆಲಸ ಅಲ್ಲಿಗೇ ಮುಗಿಯುತ್ತದೆ. ಅದರಲ್ಲಿ ತೊಡಕಾದರೆ ಎಂಪಿವಿ ಅಥವಾ ಎಂಪಿಸಿ-ಎಚ್‌ಸಿ ನೋಡಿ. ವಿಂಡೋಸ್ ಜೊತೆ ಬರುವ ಮೀಡಿಯಾ ಪ್ಲೇಯರಿಗೂ ಮ್ಯಾಕ್‌ನ ಕ್ವಿಕ್‌ಟೈಮಿಗೂ ಇದು ತಿಳಿಯದು. ಮ್ಯಾಕ್‌ನಲ್ಲಿ ಹಳೆಯ 32 ಬಿಟ್ ರಿಯಲ್‌ಪ್ಲೇಯರ್ ಇಟ್ಟುಕೊಂಡವರಿಗೆ 2019ರ ಕ್ಯಾಟಲಿನಾದಿಂದ ಮುಂದೆ ಅದೂ ಇಲ್ಲ.

"ಈ ಕೋಡೆಕ್ ಪ್ಯಾಕ್ ಹಾಕಿಕೊಳ್ಳಿ" ಎನ್ನುವ ಅಪರಿಚಿತ ತಾಣಗಳ ಹತ್ತಿರ ಹೋಗಬೇಡಿ. ಕೋಡೆಕ್ ಎಂದರೆ ಧ್ವನಿ, ಚಿತ್ರಗಳನ್ನು ಹಿಂಡುವ, ಬಿಡಿಸುವ ವಿಧಾನ. ಅಂಥ ಪ್ಯಾಕ್ 2003ರಲ್ಲಿ ಬೇಕಿತ್ತು. ಈಗ ವಿಎಲ್‌ಸಿಯಂಥವು ಎಫ್‌ಎಫ್‌ಎಂಪೆಗ್ ಎಂಬ ಲೈಬ್ರರಿಯ ಮೂಲಕ ರಿಯಲ್‌ನ ಹಳೆಯ ಕೋಡೆಕ್‌ಗಳನ್ನು ತಾವೇ ಬಿಡಿಸುತ್ತವೆ.

ರಿಯಲ್‌ಪ್ಲೇಯರ್ ನಿಜಕ್ಕೂ ಉಪಯೋಗಕ್ಕೆ ಬರುವ ಒಂದು ಜಾಗ ಇದೆ: ಮಾತಿನ ಜೊತೆಗೆ ಸ್ಲೈಡುಗಳು ತಾವಾಗಿ ಮಗುಚುವ ಹಳೆಯ ಉಪನ್ಯಾಸಗಳು. ಅವುಗಳ ಜೊತೆ ಸ್ಮಿಲ್ ಹೆಸರಿನ ಒಂದು ಸಣ್ಣ ಫೈಲ್ ಇರುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ಯಾವ ಚಿತ್ರ ಎಷ್ಟನೇ ಸೆಕೆಂಡಿಗೆ ಎಂದು ಓದಬಹುದು. ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಕಂಪ್ಯೂಟರ್ ಸಿಕ್ಕಿದರೆ ಅದರಲ್ಲೇ ನೋಡುವುದು ಸುಲಭ, ಆದರೆ ಆ ಯಂತ್ರವನ್ನು ಇಂಟರ್ನೆಟ್ಟಿಗೆ ಜೋಡಿಸಬೇಡಿ.

"ಫೈಲ್ ಬರೀ 1 ಕೆಬಿ ತೋರಿಸ್ತದೆ. ಹಾಡೆಲ್ಲ ಎಲ್ಲಿ ಹೋಯ್ತು ಮಾರಾಯ್ರೆ?"

ಹಾಡು ನಿಮ್ಮಲ್ಲಿ ಇರಲೇ ಇಲ್ಲ. ಬೇಸರದ ಉತ್ತರ, ಆದರೆ ಎಲ್ಲಕ್ಕಿಂತ ಹೆಚ್ಚು ಸಲ ಕೊಡಬೇಕಾಗಿ ಬಂದ ಉತ್ತರವೂ ಇದೇ.

ಹೆಸರಿನ ಕೊನೆಯಲ್ಲಿ ಆರ್‌ಎಎಂ, ಅಂದರೆ ರ‍್ಯಾಮ್, ಎಂದಿದ್ದರೆ ಅದು ಹಾಡಲ್ಲ, ಹಾಡಿನ ವಿಳಾಸ ಬರೆದ ಚೀಟಿ. ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಒಂದೋ ಎರಡೋ ಸಾಲು ಕಾಣುತ್ತದೆ. ಸಾಲು ಆರ್‌ಟಿಎಸ್‌ಪಿ, ಪಿಎನ್‌ಎಂ ಅಥವಾ ಎಚ್‌ಟಿಟಿಪಿ ಎಂದು ಶುರುವಾಗುತ್ತದೆ, ಆಮೇಲೆ ಸರ್ವರಿನ ಹೆಸರು, ಕೊನೆಗೆ ನಿಜವಾದ ಫೈಲಿನ ಹೆಸರು. ನಡುವೆ ಎರಡೆರಡು ಅಡ್ಡಗೆರೆಗಳ ಮಧ್ಯೆ 'ಸ್ಟಾಪ್' ಎಂಬ ಸಾಲೂ ಇರಬಹುದು. ಅದರ ಮೇಲಿನ ವಿಳಾಸ ಆಗಿನ ಹೊಸ ಪ್ಲೇಯರಿಗೆ, ಕೆಳಗಿನದು ಅದಕ್ಕೂ ಹಳೆಯದಕ್ಕೆ. ಅಂದು ಲಿಂಕಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಸೇವ್' ಒತ್ತಿದವರೆಲ್ಲ ಹಾಡು ಸಿಕ್ಕಿತೆಂದು ಈ ಚೀಟಿಯನ್ನೇ ಸಿಡಿಗೆ ಸುಟ್ಟು ಇಟ್ಟುಕೊಂಡರು.

ಸ್ಟುಡಿಯೊದವರು ಮಾಡಿಕೊಟ್ಟ ಸಿಡಿಯಾದರೆ ಆಸೆ ಇದೆ. ಆಗ ಚೀಟಿಯೊಳಗಿನ ವಿಳಾಸ ಆ ಸಿಡಿಯ ಇನ್ನೊಂದು ಫೋಲ್ಡರನ್ನೇ ತೋರಿಸುತ್ತಿರುತ್ತದೆ. ಸಿಡಿ ಪೂರ್ತಿ ಹುಡುಕಿ. ದೊಡ್ಡ ಗಾತ್ರದ ಆರ್‌ಎಂ ಫೈಲ್ ಸಿಕ್ಕಿದರೆ ಅದನ್ನೇ ನೇರ ವಿಎಲ್‌ಸಿಗೆ ಎಳೆದು ಹಾಕಿ.

"ಆರ್‌ಎ, ಆರ್‌ಎಂ, ಆರ್‌ಎಂವಿಬಿ, ಐವಿಆರ್… ಒಂದೊಂದು ಸಿಡಿಯಲ್ಲಿ ಒಂದೊಂದು. ಎಲ್ಲ ಒಂದೇನಾ?"

ಒಂದೇ ಮನೆತನದವು. ಆರ್‌ಎ ಎಂದರೆ ಧ್ವನಿ ಮಾತ್ರ. ಆರ್‌ಎಂ ಒಂದು ಡಬ್ಬಿ, ಒಳಗೆ ಧ್ವನಿ ಮಾತ್ರ ಇರಬಹುದು, ಚಿತ್ರವೂ ಇರಬಹುದು. ಆರ್‌ಎಂವಿಬಿ ಅದೇ ಡಬ್ಬಿ, ಆದರೆ ದೃಶ್ಯದಲ್ಲಿ ಓಡಾಟ ಹೆಚ್ಚಿದ್ದಾಗ ಹೆಚ್ಚು, ಕಡಿಮೆ ಇದ್ದಾಗ ಕಡಿಮೆ ಬಿಟ್ ಖರ್ಚು ಮಾಡುತ್ತದೆ. ಚೀನಾದಲ್ಲಿ ಸಿನಿಮಾ, ಧಾರಾವಾಹಿ ಹಂಚಲು ಬಹಳ ಬಳಕೆಯಲ್ಲಿತ್ತು. ಐವಿಆರ್ ಎಂದರೆ ರಿಯಲ್‌ಪ್ಲೇಯರ್ ತಾನೇ ರೆಕಾರ್ಡ್ ಮಾಡಿಟ್ಟದ್ದು. ಆರ್‌ಪಿಎಂ ಎಂದಿದ್ದರೆ ಅದೂ ರ‍್ಯಾಮ್‌ನಂಥ ಚೀಟಿಯೇ, ವೆಬ್ ಪುಟದೊಳಗೆ ಕೂರಿಸಲು ಮಾಡಿದ್ದು.

ಎಂಪೆಗ್‌ಎವಿ ಎಂಬ ಫೋಲ್ಡರಿನಲ್ಲಿ ಡಿಎಟಿ ಫೈಲುಗಳಿದ್ದರೆ ಅದು ವಿಸಿಡಿ. ಅದಕ್ಕೂ ರಿಯಲ್‌ಮೀಡಿಯಾಕ್ಕೂ ಸಂಬಂಧವಿಲ್ಲ, ಒಳಗಿರುವುದು ಎಂಪೆಗ್-1.

"ಹೆಸರನ್ನು ಎಂಪಿ4 ಅಂತ ಬದಲಾಯಿಸಿದೆ. ಕಂಪ್ಯೂಟರಲ್ಲಿ ಓಡಿತು, ಅಮ್ಮನ ಫೋನಲ್ಲಿ ಓಡ್ತಾ ಇಲ್ಲ. ಯಾಕೆ?"

ನೀವು ಡಬ್ಬಿಯ ಮೇಲಿನ ಚೀಟಿ ಬದಲಿಸಿದ್ದೀರಿ, ಒಳಗಿನ ಉಪ್ಪಿನಕಾಯಿ ಹಾಗೇ ಇದೆ. ವಿಎಲ್‌ಸಿ ಹೆಸರನ್ನು ನಂಬದೆ ಒಳಗೆ ಇಣುಕಿ ನೋಡುವ ಕಾರಣ ಓಡಿಸಿತು. ಫೋನಿನ ಸಾದಾ ಪ್ಲೇಯರಿಗೆ ಆ ಕೋಡೆಕ್ ಬರುವುದಿಲ್ಲ. ಹೆಸರನ್ನು ಮೊದಲಿನಂತೆ ಮಾಡಿ. ಫೋನಿಗೂ ವಿಎಲ್‌ಸಿ ಹಾಕಬಹುದು, ಇಲ್ಲವಾದರೆ ಫೈಲನ್ನು ನಿಜವಾಗಿ ಬದಲಿಸಬೇಕು. ಆ ವಿಧಾನ ಮುಂದೆ ಇದೆ.

ಹೆಸರು ಯಾರು ಬೇಕಾದರೂ ಬದಲಿಸಬಹುದು, ಫೈಲಿನ ಮೊದಲ 4 ಬೈಟ್ ಸುಳ್ಳು ಹೇಳುವುದಿಲ್ಲ. ಸಣ್ಣ ಫೈಲಾದರೆ ನೋಟ್‌ಪ್ಯಾಡಿನಲ್ಲೇ ತೆರೆಯಿರಿ, ದೊಡ್ಡದಕ್ಕೆ ಎಚ್‌ಎಕ್ಸ್‌ಡಿ ಎಂಬ ಪುಟ್ಟ ಹೆಕ್ಸ್ ಎಡಿಟರ್ ಸಾಕು. ಶುರುವಿನಲ್ಲಿ ಚುಕ್ಕೆ, ಆಮೇಲೆ ದೊಡ್ಡಕ್ಷರದಲ್ಲಿ ಆರ್-ಎಂ-ಎಫ್ ಇದ್ದರೆ ಅದು ಆರ್‌ಎಂ ಅಥವಾ ಆರ್‌ಎಂವಿಬಿ. ಚುಕ್ಕೆ, ಸಣ್ಣಕ್ಷರದ ಆರ್-ಎ, ನಾಲ್ಕನೆಯದಾಗಿ ಒಂದು ವಿಚಿತ್ರ ಚಿಹ್ನೆ ಇದ್ದರೆ ಹಳೆಯ ರಿಯಲ್‌ಆಡಿಯೊ. ಚುಕ್ಕೆ-ಆರ್-1-ಎಂ ಅಥವಾ ಚುಕ್ಕೆ-ಆರ್-ಇ-ಸಿ ಎಂದರೆ ಐವಿಆರ್. ಬರೀ ಸೊನ್ನೆಗಳಿದ್ದರೆ ಸಿಡಿಯಿಂದ ನಕಲಾಗುವಾಗಲೇ ಕೆಟ್ಟಿದೆ. ವೆಬ್ ಪುಟದ ಕೋಡ್ ಕಂಡರೆ ಅಂದು ಡೌನ್‌ಲೋಡ್ ಆದದ್ದು ಹಾಡಲ್ಲ, "ಪುಟ ಸಿಗಲಿಲ್ಲ" ಎಂಬ ಸಂದೇಶ.

ಯಾರಿಗಾದರೂ ಫೋನ್ ಮಾಡಿ ಕೇಳುವ ಮುಂಚೆ ಈ 4 ಬೈಟ್ ಮತ್ತು ಫೈಲಿನ ಗಾತ್ರ ಬರೆದಿಟ್ಟುಕೊಳ್ಳಿ. ಅರ್ಧ ಪ್ರಶ್ನೆಗಳು ಅಲ್ಲೇ ಬಗೆಹರಿಯುತ್ತವೆ.

"ರ‍್ಯಾಮ್ ಒಳಗಿನ ವಿಳಾಸದಿಂದ ಈಗಲಾದರೂ ಏನಾದರೂ ಸಿಗಬಹುದಾ?"

ಪ್ರಯತ್ನಕ್ಕೆ ಐದು ನಿಮಿಷ ಸಾಕು. ಮೊದಲು ವಿಎಲ್‌ಸಿಯಲ್ಲಿ ಕಂಟ್ರೋಲ್-ಎನ್ ಒತ್ತಿ ವಿಳಾಸ ಹಾಕಿ. ಆರ್‌ಟಿಎಸ್‌ಪಿ 554ನೇ ಪೋರ್ಟಿನಲ್ಲಿ, ಪಿಎನ್‌ಎಂ 7070ರಲ್ಲಿ ಓಡುತ್ತಿತ್ತು. ಆಫೀಸಿನ ಫೈರ್‌ವಾಲ್ ಎರಡನ್ನೂ ತಡೆಯಬಹುದು, ಹಾಗಾಗಿ ಮೊಬೈಲ್ ಹಾಟ್‌ಸ್ಪಾಟಿನಲ್ಲೂ ಒಮ್ಮೆ ನೋಡಿ. ಹೆಚ್ಚಿನ ಸರ್ವರುಗಳು ಮುಚ್ಚಿ ವರ್ಷಗಳಾದವು, ಉತ್ತರ ಬರದಿದ್ದರೆ ಆಶ್ಚರ್ಯವಿಲ್ಲ.

ಆಮೇಲೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್. ಅಲ್ಲಿ ಆರ್‌ಟಿಎಸ್‌ಪಿ ವಿಳಾಸ ನಡೆಯದು, ಶುರುವಿನ ಆರ್‌ಟಿಎಸ್‌ಪಿ ತೆಗೆದು ಎಚ್‌ಟಿಟಿಪಿ ಹಾಕಿ. ವಿಳಾಸದ ಮಧ್ಯೆ 'ರ‍್ಯಾಮ್‌ಜೆನ್' ಎಂಬ ತುಂಡಿದ್ದರೆ ಅದನ್ನೂ ತೆಗೆಯಿರಿ. ಅದು ಫೋಲ್ಡರಲ್ಲ, ಸರ್ವರು ಚೀಟಿಯನ್ನು ಸ್ಥಳದಲ್ಲೇ ಬರೆದುಕೊಡಲು ಇದ್ದ ಗುರುತು. ಸಾದಾ ಎಚ್‌ಟಿಟಿಪಿ ಮೂಲಕ ಇಟ್ಟಿದ್ದ ಫೈಲುಗಳು ಆರ್ಕೈವ್‌ನಲ್ಲಿ ಒಮ್ಮೊಮ್ಮೆ ಉಳಿದಿರುತ್ತವೆ. ಬರೀ ಆರ್‌ಟಿಎಸ್‌ಪಿ ಮೂಲಕ ಹರಿದದ್ದು ಉಳಿದಿರುವುದು ತೀರ ಅಪರೂಪ.

## ಓಡುತ್ತದೆ, ಆದರೆ…

"ರೀ ಸರ, ಧ್ವನಿ ಬರ್ತೈತಿ, ಚಿತ್ರ ಬರವಲ್ದು. ಏನ್ ಮಾಡೋದ್ರಿ?"

ವಿಎಲ್‌ಸಿಯಲ್ಲಿ ಓಡುತ್ತಿರುವಾಗಲೇ ಕಂಟ್ರೋಲ್-ಜೆ ಒತ್ತಿ. ಕೋಡೆಕ್ ಮಾಹಿತಿ ತೆರೆಯುತ್ತದೆ. ಅಲ್ಲಿ ಆಡಿಯೊ ಒಂದೇ ಇದ್ದರೆ ಫೈಲಿನಲ್ಲಿ ಚಿತ್ರವೇ ಇಲ್ಲ, ನೀವು ಏನೂ ತಪ್ಪು ಮಾಡಿಲ್ಲ.

ವಿಡಿಯೊ ಸಾಲಿನಲ್ಲಿ ಆರ್‌ವಿ10, 20, 30 ಅಥವಾ 40 ಎಂದಿದ್ದೂ ಪರದೆ ಕಪ್ಪಾಗಿದ್ದರೆ ಚಿತ್ರ ಇದೆ, ಪರದೆಗೆ ಬರುವ ದಾರಿ ಕಟ್ಟಿದೆ. ಟೂಲ್ಸ್, ಪ್ರಿಫರೆನ್ಸಸ್, ವಿಡಿಯೊ ಒಳಗೆ 'ಔಟ್‌ಪುಟ್' ಎಂಬಲ್ಲಿ ಆಟೊಮ್ಯಾಟಿಕ್ ಬಿಟ್ಟು ಓಪನ್‌ಜಿಎಲ್ ಹಾಕಿ, ವಿಎಲ್‌ಸಿ ಮುಚ್ಚಿ ಮತ್ತೆ ತೆರೆಯಿರಿ. ಹತ್ತು ಹದಿನೈದು ವರ್ಷದ ಹಿಂದಿನ ವಿಎಲ್‌ಸಿಯೇ ಇದ್ದರೆ ಮೊದಲು ಅದನ್ನು ಹೊಸದು ಮಾಡಿ. ತೀರ ಹಳೆಯ ಆವೃತ್ತಿಗಳಿಗೆ ಆರ್‌ವಿ30, ಆರ್‌ವಿ40 ಬಿಡಿಸಲು ಬರುತ್ತಿರಲಿಲ್ಲ.

"ಚಿತ್ರ ನಿಂತು ನಿಂತು ಹೋಗ್ತದೆ, ಫೋಟೊ ತೋರಿಸಿದ ಹಾಗೆ. ಕಂಪ್ಯೂಟರ್ ನಿಧಾನವಾ?"

ಅಲ್ಲ, ಫೈಲೇ ಹಾಗೆ. ಸೆಕೆಂಡಿಗೆ 28.8 ಕಿಲೋಬಿಟ್ ವೇಗದ ಮೋಡೆಮ್ಮಿಗೆಂದು ಮಾಡಿದ ಫೈಲಿಗೆ ಧ್ವನಿ, ಚಿತ್ರ ಸೇರಿ ಸೆಕೆಂಡಿಗೆ 20 ಕಿಲೋಬಿಟ್ ಮಾತ್ರ ಸಿಗುತ್ತಿತ್ತು. ಅಷ್ಟರಲ್ಲಿ ಅಂಚೆಚೀಟಿಯಷ್ಟು ಚಿತ್ರ, ಸೆಕೆಂಡಿಗೆ ಬೆರಳೆಣಿಕೆಯ ಫ್ರೇಮುಗಳು. ಇಲ್ಲದ ಫ್ರೇಮು ಎಲ್ಲಿಂದಲೂ ಬರುವುದಿಲ್ಲ.

"ಭಾಗವತರ ಸ್ವರ ಚೆನ್ನಾಗಿಯೇ ಕೇಳ್ತದೆ, ಚೆಂಡೆ ಶುರುವಾದ ಕೂಡಲೇ ತಗಡು ಬಡಿದ ಹಾಗೆ. ಸರಿ ಮಾಡ್ಲಿಕ್ಕಾಗ್ತದಾ?"

ಕಂಟ್ರೋಲ್-ಜೆ ಒತ್ತಿ ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಧ್ವನಿ ಅಳೆದಿದೆ ಎಂಬುದನ್ನು, ನೋಡಿ. 8,000 ಹರ್ಟ್ಜ್ ಇದ್ದರೆ ನಿಮ್ಮದು ಬಹುತೇಕ ಮೊದಲ ತಲೆಮಾರಿನ ಕೋಡೆಕ್: 14.4 ಅಥವಾ 28.8. ಮೊದಲನೆಯದು ಸೆಕೆಂಡಿಗೆ 8 ಕಿಲೋಬಿಟ್ ಬಳಸುತ್ತದೆ, ಅಂದರೆ ಒಂದು ಗಂಟೆಯ ತಾಳಮದ್ದಳೆ 3.6 ಎಂಬಿಯಲ್ಲಿ ಮುಗಿಯಿತು. ಎರಡನೆಯದು 15.2 ಕಿಲೋಬಿಟ್.

ಅಷ್ಟು ಸಣ್ಣದು ಮಾಡಲು ಅವು ಹಿಡಿದ ಉಪಾಯ ಮನುಷ್ಯನ ಗಂಟಲಿನ ಮಾದರಿ. ಸ್ವರತಂತುಗಳ ಕಂಪನ, ಬಾಯಿಯ ಆಕಾರ, ಇವನ್ನು ಕೆಲವು ಸಂಖ್ಯೆಗಳಲ್ಲಿ ಹಿಡಿದು ಕಳಿಸಿ, ಆ ಕಡೆ ಮತ್ತೆ ಮಾತು ಕಟ್ಟುವುದು. ಮೊಬೈಲ್ ಫೋನಿನ ಕೋಡೆಕ್‌ಗಳ ನೆಂಟರು ಇವು. ಭಾಗವತರ ಪದ, ಅರ್ಥಧಾರಿಗಳ ಮಾತು ಆ ಮಾದರಿಗೆ ಕೂರುತ್ತವೆ. ಚೆಂಡೆಯ ಪೆಟ್ಟು ಕೂರುವುದಿಲ್ಲ, ಜಾಗಟೆ ಅಂತೂ ಇಲ್ಲವೇ ಇಲ್ಲ. ಮೇಲಾಗಿ 8,000 ಹರ್ಟ್ಜ್ ಸ್ಯಾಂಪಲಿಂಗಿನಲ್ಲಿ 4,000 ಹರ್ಟ್ಜ್‌ಗಿಂತ ಮೇಲಿನ ಸದ್ದು ದಾಖಲಾಗುವುದೇ ಇಲ್ಲ. ಜಾಗಟೆಯ ಮಿನುಗು ಇರುವುದೇ ಅಲ್ಲಿ.

ಆದ್ದರಿಂದ ಸರಿ ಮಾಡಲಾಗದು. ಈಕ್ವಲೈಸರಿನಲ್ಲಿ ಟ್ರೆಬಲ್ ಏರಿಸಿದರೆ ಕರಕರ ಹೆಚ್ಚುತ್ತದೆ ಅಷ್ಟೆ. ನಾಯ್ಸ್ ರಿಡಕ್ಷನ್ ಹಾಕಿದರೆ ಉಳಿದ ಪದವೂ ನೀರೊಳಗೆ ಮುಳುಗುತ್ತದೆ. ಇದನ್ನು ಬಿಟ್ಟು ಮೂಲ ಕ್ಯಾಸೆಟ್ ಯಾರಲ್ಲಾದರೂ ಇದೆಯೇ ಎಂದು ವಿಚಾರಿಸಿ. ಮೇಳದವರಲ್ಲಿ, ಸಂಘದ ಹಳೆಯ ಕಾರ್ಯದರ್ಶಿಗಳಲ್ಲಿ ಹಲವು ಸಲ ಸಿಗುತ್ತದೆ. 1998ರ ಸುಮಾರಿಗೆ ಬಂದ 'ಕುಕ್' ಕೋಡೆಕ್ ಸಂಗೀತಕ್ಕೆಂದೇ ಮಾಡಿದ್ದು, ಅದರಲ್ಲಿರುವ ಫೈಲು ಇಷ್ಟು ಕೆಡುವುದಿಲ್ಲ.

"ಒಂದೇ ಫೈಲು. ನನ್ನಲ್ಲಿ ಮಸುಕು, ಪುಣೆಯಲ್ಲಿರೋ ಅಣ್ಣನ ಕಂಪ್ಯೂಟರಲ್ಲಿ ಸ್ಪಷ್ಟ. ಇದು ಹೇಗೆ ಸಾಧ್ಯ?"

ಸಾಧ್ಯ. ಶ್ಯೂರ್‌ಸ್ಟ್ರೀಮ್ ಎಂಬ ಏರ್ಪಾಡಿನಲ್ಲಿ ಒಂದೇ ಕಾರ್ಯಕ್ರಮದ ಹಲವು ಪ್ರತಿಗಳು ಒಂದೇ ಫೈಲಿನಲ್ಲಿ ಇರುತ್ತವೆ: 28.8 ಮೋಡೆಮ್ಮಿನವರಿಗೆ ಒಂದು, 56ರವರಿಗೆ ಒಂದು, ಕಚೇರಿಯ ದೊಡ್ಡ ಲೈನಿನವರಿಗೆ ಇನ್ನೊಂದು. ಅಂದು ಸರ್ವರು ನೋಡಿ ಆರಿಸುತ್ತಿತ್ತು, ಇಂದು ಪ್ಲೇಯರ್ ತನಗೆ ಮೊದಲು ಕಂಡದ್ದನ್ನು ಹಿಡಿಯುತ್ತದೆ. ವಿಎಲ್‌ಸಿಯ ವಿಡಿಯೊ ಮೆನುವಿನಲ್ಲಿ 'ವಿಡಿಯೊ ಟ್ರ್ಯಾಕ್', ಆಡಿಯೊ ಮೆನುವಿನಲ್ಲಿ 'ಆಡಿಯೊ ಟ್ರ್ಯಾಕ್' ತೆರೆದು ಒಂದೊಂದನ್ನೇ ಬದಲಿಸಿ ನೋಡಿ. ಫೈಲನ್ನು ಬದಲಿಸುವ ಮುಂಚೆ ಈ ಪರೀಕ್ಷೆ ಕಡ್ಡಾಯ, ಇಲ್ಲದಿದ್ದರೆ ಕೀಳು ಪ್ರತಿಯನ್ನೇ ಎಂಪಿ4 ಮಾಡಿ ಒಳ್ಳೆಯದನ್ನು ಅಳಿಸಿಬಿಡುತ್ತೀರಿ.

"ಹಾಡಿನ ಹೆಸರಿನ ಜಾಗದಲ್ಲಿ ಏನೇನೋ ಚಿಹ್ನೆ ಬರ್ತದೆ. ವೈರಸ್ಸಾ?"

ವೈರಸ್ಸಲ್ಲ, ಯೂನಿಕೋಡಿಗಿಂತ ಹಿಂದಿನ ಕನ್ನಡ. ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳಲ್ಲಿ ಆಗ ಟೈಪ್ ಮಾಡಿದ್ದು ಆಯಾ ಫಾಂಟಿನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತಿತ್ತು. ವಿಎಲ್‌ಸಿಯಲ್ಲಿ ಕಂಟ್ರೋಲ್-ಐ ಒತ್ತಿ ಆ ಸಾಲನ್ನು ನಕಲು ಮಾಡಿ, ನುಡಿ ಅಥವಾ ಬರಹದ ಪರಿವರ್ತಕಕ್ಕೆ ಕೊಡಿ. ಯಾವ ಫಾಂಟೆಂದು ತಿಳಿಯದಿದ್ದರೆ ಎರಡರಲ್ಲೂ ನೋಡಿ, ಓದಲು ಬರುವ ಸಾಲೇ ಸರಿ.

"ಎಳೆದು ಮಧ್ಯಕ್ಕೆ ಹೋದ್ರೆ ಮತ್ತೆ ಮೊದಲಿಂದ ಶುರುವಾಗ್ತದೆ. 3 ಗಂಟೆ ಆಟ, ಕೊನೆ ಪ್ರಸಂಗ ನೋಡೋದು ಹೇಗೆ?"

ಎಷ್ಟನೇ ನಿಮಿಷ ಫೈಲಿನ ಎಲ್ಲಿದೆ ಎಂಬ ಪಟ್ಟಿ ಆರ್‌ಎಂ ಫೈಲಿನ ಬಾಲದಲ್ಲಿರುತ್ತದೆ. ನೇರ ಪ್ರಸಾರದಿಂದ ಹಿಡಿದದ್ದರಲ್ಲಿ, ಅರ್ಧಕ್ಕೆ ನಿಂತ ಡೌನ್‌ಲೋಡಿನಲ್ಲಿ ಆ ಬಾಲವೇ ಇರುವುದಿಲ್ಲ.

ಎಂಕೆವಿ-ಟೂಲ್‌ನಿಕ್ಸ್ ಎಂಬ ತಂತ್ರಾಂಶ ತೆರೆದು ಫೈಲನ್ನು ಎಳೆದು ಹಾಕಿ, 'ಸ್ಟಾರ್ಟ್ ಮಲ್ಟಿಪ್ಲೆಕ್ಸಿಂಗ್' ಒತ್ತಿ. ಒಳಗಿನ ಧ್ವನಿ, ಚಿತ್ರ ಒಂದು ಬಿಟ್ಟೂ ಬದಲಾಗದೆ ಎಂಕೆವಿ ಡಬ್ಬಿಗೆ ವರ್ಗವಾಗುತ್ತದೆ, ಹೊಸ ಪಟ್ಟಿ ತಯಾರಾಗುತ್ತದೆ. 100 ಎಂಬಿ ಫೈಲಿಗೆ ಕೆಲವೇ ಸೆಕೆಂಡು. ಇದನ್ನೇ ಎಫ್‌ಎಫ್‌ಎಂಪೆಗ್‌ನಿಂದ ಮಾಡಹೊರಟು ಸಿಕ್ಕಿಬೀಳುವವರು ಹಲವರು: ಅದು ರಿಯಲ್‌ವಿಡಿಯೊವನ್ನು ಬಿಡಿಸಬಲ್ಲದು, ಆದರೆ ಇದ್ದ ಹಾಗೇ ಎಂಕೆವಿಗೆ ತುಂಬಲು ಒಪ್ಪುವುದಿಲ್ಲ.

## ಬದಲಿಸುವುದು

"ಟಿವಿಗೂ ಆಗ್ಬೇಕು, ವಾಟ್ಸಾಪಲ್ಲಿ ಊರಿಗೆ ಕಳಿಸ್ಲಿಕ್ಕೂ ಆಗ್ಬೇಕು. ಸುಲಭದ ದಾರಿ ಹೇಳಿ."

ಹ್ಯಾಂಡ್‌ಬ್ರೇಕ್ ಎಂಬ, ವಿಡಿಯೊ ಬದಲಿಸುವ ತಂತ್ರಾಂಶ. ಫೈಲನ್ನು ಎಳೆದು ಹಾಕಿ. ಪ್ರಿಸೆಟ್ಟಿನಲ್ಲಿ 'ಫಾಸ್ಟ್ 480ಪಿ30' ಆರಿಸಿ, ಫಾರ್ಮ್ಯಾಟ್ ಎಂಪಿ4 ಇರಲಿ. ಡೈಮೆನ್ಷನ್ಸ್ ಟ್ಯಾಬಿನಲ್ಲಿ ಕ್ರಾಪಿಂಗ್ ಅನ್ನು 'ನನ್' ಮಾಡಿ, ಇಲ್ಲದಿದ್ದರೆ ಕತ್ತಲೆ ರಂಗಸ್ಥಳದ ಅಂಚನ್ನು ಕಪ್ಪು ಪಟ್ಟಿ ಎಂದು ತಿಳಿದು ಕತ್ತರಿಸಬಹುದು. ವಿಡಿಯೊ ಟ್ಯಾಬಿನಲ್ಲಿ ಎನ್‌ಕೋಡರ್ ಎಚ್.264, ಗುಣಮಟ್ಟ ಆರ್‌ಎಫ್ 20, ಫ್ರೇಮ್‌ರೇಟ್ 'ಕಾನ್‌ಸ್ಟಂಟ್'. ಆಡಿಯೊ ಎಎಸಿ, 96 ಕಿಲೋಬಿಟ್ ಧಾರಾಳ.

320×240 ಇದ್ದದ್ದನ್ನು 1080ಕ್ಕೆ ಹಿಗ್ಗಿಸಬೇಡಿ. ಹಿಗ್ಗಿಸುವ ಕೆಲಸವನ್ನು ಟಿವಿ ತಾನೇ ಮಾಡುತ್ತದೆ, ನೀವು ಮಾಡಿದರೆ ಫೈಲು ಮಾತ್ರ ದಪ್ಪಗಾಗುತ್ತದೆ. ಹೊಸ ಫೈಲು ಹಳೆಯದಕ್ಕಿಂತ ಎರಡು ಮೂರು ಪಟ್ಟು ದೊಡ್ಡದಾದರೆ ಗಾಬರಿ ಬೇಡ, ಹಿಂಡಿದ್ದನ್ನು ಮತ್ತೆ ಹಿಂಡುವಾಗ ಹಾನಿ ಕಡಿಮೆ ಮಾಡಲು ಅಷ್ಟು ಜಾಗ ಬೇಕು. ಮೂಲ ಆರ್‌ಎಂ ಫೈಲನ್ನು ಅಳಿಸಬೇಡಿ. ಅದರ ಗಾತ್ರವೇ ಎಷ್ಟು!

"ಹ್ಯಾಂಡ್‌ಬ್ರೇಕಿಗೆ ಆರ್‌ಎ ಫೈಲ್ ಹಾಕಿದರೆ ಏನೂ ಸಿಗಲಿಲ್ಲ ಅನ್ನುತ್ತೆ."

ಅದಕ್ಕೆ ವಿಡಿಯೊ ಇರಲೇಬೇಕು. ಬರೀ ಧ್ವನಿಗೆ ವಿಎಲ್‌ಸಿಯಲ್ಲಿ ಕಂಟ್ರೋಲ್-ಆರ್ ಒತ್ತಿ, ಫೈಲು ಸೇರಿಸಿ, 'ಕನ್ವರ್ಟ್' ಒತ್ತಿ, ಪ್ರೊಫೈಲಿನಲ್ಲಿ ಎಂಪಿ3 ಆರಿಸಿ. ಪಕ್ಕದ ಸ್ಪ್ಯಾನರ್ ಗುರುತಿನೊಳಗೆ ಚಾನಲ್ 1, ಬಿಟ್‌ರೇಟ್ 64, ಸ್ಯಾಂಪಲ್ ರೇಟ್ 44,100 ಇಡಿ. ಮೂಲ 8,000 ಇದ್ದರೂ 44,100 ಏಕೆಂದರೆ 8,000ದ ಎಂಪಿ3ಯನ್ನು ಹಲವು ಕಾರ್ ಸ್ಟೀರಿಯೊಗಳು ಓದುವುದಿಲ್ಲ. ಗಂಟೆಗೆ 28.8 ಎಂಬಿ ಆಗುತ್ತದೆ. ಸಂಘದ ಸಂಗ್ರಹಕ್ಕಾದರೆ ಎಂಪಿ3 ಬೇಡ, ಧ್ವನಿ ಕೆಡಿಸದೆ ಹಿಂಡುವ ಫ್ಲ್ಯಾಕ್ ಮಾಡಿ. 8,000 ಹರ್ಟ್ಜ್, ಒಂದೇ ಚಾನಲ್ ಇರುವಾಗ ಒಂದೂ ಹಿಂಡದ ವೇವ್ ಕೂಡ ಗಂಟೆಗೆ 57.6 ಎಂಬಿ ಅಷ್ಟೆ, ಫ್ಲ್ಯಾಕ್ ಅದಕ್ಕಿಂತ ಕಡಿಮೆ.

"ನಮ್ಮಲ್ಲಿ 200 ಫೈಲ್ ಇದಾವೆ. ಒಂದೊಂದಾಗಿಯೇ ಮಾಡ್ತಾ ಕೂರಬೇಕಾ?"

ಎಫ್‌ಎಫ್‌ಎಂಪೆಗ್‌ಗೆ ರಾತ್ರಿ ಕೆಲಸ ಕೊಟ್ಟು ಮಲಗಿ. ಎಲ್ಲ ಫೈಲುಗಳನ್ನು ಒಂದೇ ಫೋಲ್ಡರಿಗೆ ತಂದು, ಅಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಸಾಲಿನ ರಚನೆ ಹೀಗೆ: 'ಫಾರ್', ಶೇಕಡಾ ಚಿಹ್ನೆ ಅಂಟಿಸಿ 'ಎಫ್', 'ಇನ್', ಆವರಣದೊಳಗೆ ನಕ್ಷತ್ರ-ಚುಕ್ಕೆ-ಆರ್‌ಎಂ, ಆಮೇಲೆ 'ಡೂ', ಅದರ ಮುಂದೆ ಎಫ್‌ಎಫ್‌ಎಂಪೆಗ್ ಕಮಾಂಡು. ಆ ಕಮಾಂಡಿನಲ್ಲಿ 'ಐ' ಆಯ್ಕೆಗೆ ಮೂಲ ಫೈಲು, 'ಸಿ-ಕೋಲನ್-ವಿ'ಗೆ ಲಿಬ್‌ಎಕ್ಸ್264, 'ಸಿಆರ್‌ಎಫ್'ಗೆ 20, 'ಪಿಕ್ಸ್-ಅಂಡರ್‌ಸ್ಕೋರ್-ಎಫ್‌ಎಂಟಿ'ಗೆ ವೈಯುವಿ420ಪಿ, 'ಸಿ-ಕೋಲನ್-ಎ'ಗೆ ಎಎಸಿ, ಕೊನೆಗೆ ಹೊಸ ಹೆಸರು. ಪ್ರತಿ ಆಯ್ಕೆಯ ಹೆಸರಿಗಿಂತ ಮೊದಲು, ಅದಕ್ಕೆ ಅಂಟಿಸಿ, ಒಂದು ಅಡ್ಡಗೆರೆ (ಹೈಫನ್).

ಎರಡು ಕಡೆ ಎಲ್ಲರೂ ಎಡವುತ್ತಾರೆ. ಫೈಲಿನ ಹೆಸರಿನಲ್ಲಿ ಖಾಲಿ ಜಾಗ ಇದ್ದರೆ ಜೋಡಿ ಉದ್ಧರಣ ಚಿಹ್ನೆಯೊಳಗೆ ಹಾಕಬೇಕು. ಇದೇ ಸಾಲನ್ನು ಬ್ಯಾಚ್ ಫೈಲಿನಲ್ಲಿ ಬರೆದಿಟ್ಟರೆ ಶೇಕಡಾ ಚಿಹ್ನೆ ಎರಡೆರಡು ಬೇಕು. ಮೊದಲು ಮೂರು ಫೈಲಿನ ಮೇಲೆ ಮಾಡಿ, ಪೂರ್ತಿ ನೋಡಿ, ಆಮೇಲೆ 200ಕ್ಕೆ ಕೈ ಹಾಕಿ.

"ಬದಲಿಸಿದ ಮೇಲೆ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗಿದೆ."

ಮೊದಲು ಯಾವ ಬಗೆಯ ತಪ್ಪೆಂದು ನೋಡಿ. ಶುರುವಿನಿಂದ ಕೊನೆಯವರೆಗೂ ಒಂದೇ ಅಂತರ ಇದೆಯೇ, ಅಥವಾ ಹೋಗ್ತಾ ಹೋಗ್ತಾ ಹೆಚ್ಚುತ್ತದೆಯೇ?

ಒಂದೇ ಅಂತರವಾದರೆ ವಿಎಲ್‌ಸಿಯಲ್ಲಿ ಜೆ, ಕೆ ಕೀಲಿಗಳನ್ನು ಒತ್ತಿ ಸರಿ ಹೊಂದಿಸಿ. ಒಂದೊಂದು ಒತ್ತಿಗೆ 50 ಮಿಲಿಸೆಕೆಂಡ್ ಸರಿಯುತ್ತದೆ. ಎಷ್ಟಾಯಿತೆಂದು ಬರೆದುಕೊಂಡು, ಎಂಕೆವಿ-ಟೂಲ್‌ನಿಕ್ಸಿನಲ್ಲಿ ಆಡಿಯೊ ಟ್ರ್ಯಾಕಿನ 'ಡಿಲೇ' ಜಾಗದಲ್ಲಿ ಹಾಕಿದರೆ ಮುಗಿಯಿತು.

ಹೆಚ್ಚುತ್ತಾ ಹೋಗುವುದಾದರೆ ಕಾರಣ ಬೇರೆ. ರಿಯಲ್‌ವಿಡಿಯೊದಲ್ಲಿ ಫ್ರೇಮುಗಳು ಸಮ ಅಂತರದಲ್ಲಿ ಬರುವುದಿಲ್ಲ. ಬದಲಿಸುವ ತಂತ್ರಾಂಶ ಸಮವೆಂದು ಭಾವಿಸಿ ಜೋಡಿಸಿದರೆ ಚಿತ್ರ ಬೇಗ ಓಡಿಬಿಡುತ್ತದೆ. ಎಫ್‌ಎಫ್‌ಎಂಪೆಗ್‌ನಲ್ಲಿ 'ಎಫ್‌ಪಿಎಸ್-ಅಂಡರ್‌ಸ್ಕೋರ್-ಮೋಡ್'ಗೆ ಸಿಎಫ್‌ಆರ್, 'ಆರ್'ಗೆ 15 ಅಥವಾ 25 ಕೊಡಿ. ಫ್ರೇಮು ಇಲ್ಲದ ಕಡೆ ಹಿಂದಿನದನ್ನೇ ಮತ್ತೆ ಹಾಕಿ ಕಾಲವನ್ನು ತುಂಬುತ್ತದೆ. ಧ್ವನಿಯಲ್ಲೇ ತುಂಡು ಬಿದ್ದಿದ್ದರೆ ಆಡಿಯೊ ಫಿಲ್ಟರಿನಲ್ಲಿ ಎ-ರೀಸ್ಯಾಂಪಲ್‌ಗೆ ಅಸಿಂಕ್ ಸಮ 1 ಎಂದು ಸೇರಿಸಿ, ಕಳೆದ ಜಾಗದಲ್ಲಿ ಮೌನ ತುಂಬುತ್ತದೆ.

## ಕೆಟ್ಟ ಫೈಲು, ಕೆಟ್ಟ ಸಿಡಿ

"42 ನಿಮಿಷ ಅಂತ ತೋರಿಸ್ತದೆ, 17ಕ್ಕೆ ನಿಂತು ಹೋಗ್ತದೆ. ಉಳಿದದ್ದು ಒಳಗೆ ಅಡಗಿದೆಯಾ?"

ಲೆಕ್ಕ ಹಾಕಿ ನೋಡಿ. ಅವಧಿಯನ್ನು ಫೈಲಿನ ಶುರುವಿನಲ್ಲೇ ಬರೆದಿರುತ್ತದೆ, ಹಾಗಾಗಿ ಡೌನ್‌ಲೋಡ್ ಅರ್ಧಕ್ಕೆ ನಿಂತರೂ ಪೂರ್ತಿ ಅವಧಿ ತೋರುತ್ತದೆ. ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋ ಎಂಬ ತಂತ್ರಾಂಶದಲ್ಲಿ ಬಿಟ್‌ರೇಟ್ ಸೆಕೆಂಡಿಗೆ 34 ಕಿಲೋಬಿಟ್ ಎಂದಿದೆ ಎನ್ನಿ. 34,000ವನ್ನು 2,520 ಸೆಕೆಂಡಿನಿಂದ ಗುಣಿಸಿ 8ರಿಂದ ಭಾಗಿಸಿದರೆ ಸುಮಾರು 10.7 ಎಂಬಿ. ನಿಮ್ಮ ಫೈಲು 4.3 ಎಂಬಿ ಇದ್ದರೆ ಅದು 17 ನಿಮಿಷದ ಲೆಕ್ಕ. ಉಳಿದದ್ದು ಅಡಗಿಲ್ಲ, ಬಂದೇ ಇಲ್ಲ. ಫೈಲು 10.7 ಎಂಬಿಯೇ ಇದ್ದು ಮಧ್ಯದಲ್ಲಿ ನಿಂತರೆ ಮಾತ್ರ ಆಸೆ ಇದೆ: ಅಲ್ಲಿ ಸಿಡಿ ಸರಿಯಾಗಿ ಓದಿಸಿಕೊಂಡಿಲ್ಲ.

"ಸಿಡಿ ಹಾಕಿದ್ರೆ ಗರ್ ಗರ್ ಅಂತದೆ, ಕಾಪಿ ಅರ್ಧಕ್ಕೆ ನಿಲ್ತದೆ."

ನೇರ ಸಿಡಿಯಿಂದ ಓಡಿಸುವುದನ್ನು ಇಲ್ಲಿಗೇ ನಿಲ್ಲಿಸಿ. ಮುಂಬೈ, ಗೋವಾದ ಮಳೆಗಾಲದ ತೇವಕ್ಕೆ ಸಿಡಿಯ ಮೇಲೆ ಬೂಷ್ಟು ಬರುತ್ತದೆ. ಮೆತ್ತನೆ ಬಟ್ಟೆಯನ್ನು ತುಸು ಒದ್ದೆ ಮಾಡಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಒರೆಸಿದರೆ ಗೀರು ಟ್ರ್ಯಾಕಿನ ಉದ್ದಕ್ಕೂ ಬಿದ್ದು ಇನ್ನೂ ಕೆಡುತ್ತದೆ. ಮೇಲೆ ಅಂಟಿಸಿದ ಲೇಬಲ್ ಕೀಳಬೇಡಿ. ಬರೆಯಬಲ್ಲ ಸಿಡಿಯಲ್ಲಿ ದತ್ತಾಂಶದ ಪದರ ಇರುವುದು ಲೇಬಲ್ಲಿನ ತೀರ ಹತ್ತಿರ, ಲೇಬಲ್ಲಿನ ಜೊತೆಗೇ ಎದ್ದು ಬರುತ್ತದೆ.

ಲ್ಯಾಪ್‌ಟಾಪಿನಲ್ಲಿ ಡ್ರೈವ್ ಇಲ್ಲದಿದ್ದರೆ ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ, ಪುಣೆಯ ತಪಕೀರ್ ಗಲ್ಲಿಯಲ್ಲಿ ಯುಎಸ್‌ಬಿ ಡಿವಿಡಿ ರೈಟರ್ ಕೇಳಿ. ಲಿನಕ್ಸಿನಲ್ಲಿ, ಕೆಟ್ಟ ಡಿಸ್ಕಿನಿಂದ ಓದಲು ಬರುವಷ್ಟನ್ನು ನಕಲು ಮಾಡುವ ಡಿಡಿರೆಸ್ಕ್ಯೂ ಓಡಿಸಿ: ಮೊದಲ ಸುತ್ತಿನಲ್ಲಿ 'ಎನ್' ಆಯ್ಕೆ, ಬ್ಲಾಕ್ ಗಾತ್ರ 'ಬಿ' 2048, ಜೊತೆಗೆ ಎಲ್ಲಿಯವರೆಗೆ ಓದಿತೆಂದು ಗುರುತಿಡುವ ಮ್ಯಾಪ್ ಫೈಲಿನ ಹೆಸರು ತಪ್ಪದೆ. ಸುಲಭಕ್ಕೆ ಬಂದದ್ದೆಲ್ಲ ಮೊದಲು ಬರುತ್ತದೆ. ಎರಡನೇ ಸುತ್ತಿನಲ್ಲಿ 'ಡಿ', 'ಆರ್' 3 ಕೊಟ್ಟರೆ ಬಿಟ್ಟ ಜಾಗಗಳನ್ನು ಮೂರು ಸಲ ಮತ್ತೆ ಓದಲು ನೋಡುತ್ತದೆ. ಆಮೇಲೆ ಸಿಡಿಯನ್ನು ಬೇರೊಂದು ಕಂಪನಿಯ ಡ್ರೈವಿಗೆ ಹಾಕಿ, ಅದೇ ಮ್ಯಾಪ್ ಫೈಲಿನಿಂದ ಮುಂದುವರಿಸಿ. ಒಂದು ಡ್ರೈವಿಗೆ ಕಾಣದ ಸೆಕ್ಟರ್ ಇನ್ನೊಂದಕ್ಕೆ ಕಾಣುವುದು ಮಾಮೂಲು. ಅಲ್ಲಲ್ಲಿ ಕೆಲವು ಸೆಕ್ಟರ್ ಹೋದರೂ ಆರ್‌ಎಂ ಫೈಲು ಕೆಲ ಕ್ಷಣ ತೊದಲಿ ಮುಂದೆ ಓಡುತ್ತದೆ.

"ಶುರುವಿನ ಭಾಗವೇ ಸೊನ್ನೆ ಆಗಿದೆ. ಉಳಿದದ್ದು ಇದ್ದ ಹಾಗೆ ಕಾಣ್ತದೆ. ಏನಾದರೂ ಉಪಾಯ?"

ಅದೇ ಸ್ಟುಡಿಯೊದವರು, ಅದೇ ಸೆಟ್ಟಿಂಗಿನಲ್ಲಿ ಮಾಡಿದ ಇನ್ನೊಂದು ಒಳ್ಳೆಯ ಫೈಲು ಇದ್ದರೆ ಮಾತ್ರ. ಕೋಡೆಕ್ಕಿನ ವಿವರಗಳೆಲ್ಲ ಶುರುವಿನ ತುಂಡಿನಲ್ಲಿರುತ್ತವೆ, ಅದಿಲ್ಲದೆ ಉಳಿದದ್ದು ಅರ್ಥವಾಗದ ಅಂಕಿಗಳು. ಎಚ್‌ಎಕ್ಸ್‌ಡಿಯಲ್ಲಿ ಒಳ್ಳೆಯ ಫೈಲು ತೆರೆದು, ದೊಡ್ಡಕ್ಷರದ ಡಿ-ಎ-ಟಿ-ಎ ಎಂಬ 4 ಅಕ್ಷರ ಹುಡುಕಿ. ಫೈಲಿನ ಮೊದಲಿನಿಂದ ಆ ಅಕ್ಷರಗಳ ಹಿಂದಿನವರೆಗೆ ನಕಲು ಮಾಡಿ. ಕೆಟ್ಟ ಫೈಲಿನ ಪ್ರತಿಯಲ್ಲಿ ಆ 4 ಅಕ್ಷರಗಳಿಗಿಂತ ಹಿಂದಿನದನ್ನೆಲ್ಲ ತೆಗೆದು, ನಕಲು ಮಾಡಿದ್ದನ್ನು ಅಲ್ಲಿ ಕೂರಿಸಿ. ಅವಧಿ ತಪ್ಪು ತೋರುತ್ತದೆ, ಎಳೆದು ಮಧ್ಯಕ್ಕೆ ಹೋಗಲು ಬರುವುದಿಲ್ಲ, ಆದರೆ ಓಡಿದರೆ ಗೆದ್ದಿರಿ. ಕೂಡಲೇ ಎಂಪಿ4 ಮಾಡಿಕೊಳ್ಳಿ.

"ದುಡ್ಡು ಕೊಟ್ಟು ತಗೊಂಡ ಹಾಡು, ಆರ್‌ಎಎಕ್ಸ್ ಅಂತ ಇದೆ. ಯಾವುದರಲ್ಲೂ ತೆರೀತಿಲ್ಲ."

ಅದು ರಿಯಲ್‌ನ ಅಂಗಡಿಯಿಂದ ಬಂದ, ಬೀಗ ಹಾಕಿದ ಎಎಸಿ. ಬೀಗದ ಕೈ ಅಂದು ಹಾಡು ಖರೀದಿಸಿದ ಕಂಪ್ಯೂಟರಿನಲ್ಲಿತ್ತು. ಆ ಯಂತ್ರ, ಆ ಹಾರ್ಡ್ ಡಿಸ್ಕ್, ಅದರಲ್ಲಿನ ರಿಯಲ್‌ಪ್ಲೇಯರ್ ಮೂರೂ ಹಾಗೇ ಇದ್ದರೆ ಅಲ್ಲಿಂದಲೇ ಆಡಿಯೊ ಸಿಡಿ ಸುಡಲು ನೋಡಿ, ಖರೀದಿಸಿದ ಹಾಡುಗಳಿಗೆ ಸಾಮಾನ್ಯವಾಗಿ ಅಷ್ಟು ಅನುಮತಿ ಇರುತ್ತಿತ್ತು. ಫೈಲು ಮಾತ್ರ ಉಳಿದಿದ್ದರೆ ವಿಎಲ್‌ಸಿ, ಎಫ್‌ಎಫ್‌ಎಂಪೆಗ್ ಯಾವುದೂ ಅದನ್ನು ತೆರೆಯಲಾರವು. ಅದೇ ಹಾಡನ್ನು ಬೇರೆ ಕಡೆ ಹುಡುಕುವುದು ಬೇಗ ಆಗುವ ಕೆಲಸ.